ಯಾವ ಟೇಪು, ಯಾರ ಕೈ?

ಮೈಲ್ಸ್ ಡೇವಿಸ್‌ನ ‘ಕೈಂಡ್ ಆಫ್ ಬ್ಲೂ’ ಎಲ್‌ಪಿಯ ಮೊದಲ ಬದಿಯಲ್ಲಿ ಮೂರು ರಚನೆಗಳಿವೆ. 1959ರ ಆಗಸ್ಟಿನಲ್ಲಿ ಅದು ಅಂಗಡಿಗೆ ಬಂದಾಗಿನಿಂದ ಮೂವತ್ತು ಚಿಲ್ಲರೆ ವರ್ಷ ಆ ಮೂರೂ ತಪ್ಪು ಶ್ರುತಿಯಲ್ಲೇ ಮಾರಾಟವಾದವು. ಯಾವುದೋ ಮೂಲೆಯ ಕಂಪನಿ ಹೊರತಂದ ರೆಕಾರ್ಡೇನೂ ಇದಲ್ಲ. ಜಾಝ್ ಚರಿತ್ರೆಯಲ್ಲೇ ಅತಿ ಹೆಚ್ಚು ಜನ ಕೊಂಡ ಆಲ್ಬಂಗಳಲ್ಲೊಂದು.

ಆದದ್ದು ಇಷ್ಟು. ನ್ಯೂಯಾರ್ಕಿನ 30ನೇ ಬೀದಿಯಲ್ಲಿದ್ದ ಹಳೆಯ ಚರ್ಚೊಂದನ್ನು ಕೊಲಂಬಿಯಾ ಕಂಪನಿ ಸ್ಟುಡಿಯೊ ಮಾಡಿಕೊಂಡಿತ್ತು. 1959ರ ಮಾರ್ಚ್ 2ರಂದು ಡೇವಿಸ್‌ನ ತಂಡ ಅಲ್ಲಿ ನುಡಿಸಿತು. ಎರಡು ಟೇಪ್ ಯಂತ್ರಗಳು ಒಟ್ಟಿಗೇ ಓಡುತ್ತಿದ್ದವು, ಒಂದು ಮುಖ್ಯ ಪ್ರತಿಗೆ, ಇನ್ನೊಂದು ಯಾವುದಕ್ಕೂ ಇರಲಿ ಎಂದು. ಮುಖ್ಯ ಯಂತ್ರ ಅವತ್ತು ಸ್ವಲ್ಪ ನಿಧಾನವಾಗಿ ತಿರುಗುತ್ತಿತ್ತು. ಹಾಗೆ ನಿಧಾನವಾಗಿ ತುಂಬಿಕೊಂಡ ಟೇಪನ್ನು ಆಮೇಲೆ ಸರಿಯಾದ ವೇಗದಲ್ಲಿ ಓಡಿಸಿದರೆ ಸಂಗೀತ ತುಸು ಬೇಗ ಸಾಗುತ್ತದೆ, ಶ್ರುತಿ ತುಸು ಮೇಲೇರುತ್ತದೆ. ಏರಿದ್ದು ಒಂದು ಸ್ವರಸ್ಥಾನದ ಸಣ್ಣ ಪಾಲು ಅಷ್ಟೆ, ಸುಮ್ಮನೆ ಕೇಳುವವರಿಗೆ ತಿಳಿಯುವಂಥದ್ದಲ್ಲ. ರೆಕಾರ್ಡು ಹಾಕಿಕೊಂಡು ಅದರ ಜೊತೆ ನುಡಿಸಿ ಕಲಿಯಲು ಕೂತ ವಾದಕರಿಗೆ ಮಾತ್ರ ಕಿರಿಕಿರಿ. ತಪ್ಪು ತಮ್ಮ ವಾದ್ಯದ್ದೇ ಎಂದುಕೊಂಡು ಅದನ್ನೇ ತಿರುಚಿ ಏರಿಸಿಕೊಂಡವರು ಎಷ್ಟು ಮಂದಿಯೋ. ಏಪ್ರಿಲ್ 22ರಂದು ಎರಡನೇ ಬದಿ ಮುದ್ರಿಸುವ ಹೊತ್ತಿಗೆ ಯಂತ್ರ ಸರಿಯಿತ್ತು. 1992ರ ಮರುಬಿಡುಗಡೆಗಾಗಿ ಆ ‘ಯಾವುದಕ್ಕೂ ಇರಲಿ’ ಟೇಪನ್ನು ಹೊರತೆಗೆದಾಗಲೇ ಮೊದಲ ಬದಿ ತನ್ನ ಶ್ರುತಿಗೆ ಮರಳಿದ್ದು. ಡೇವಿಸ್ ಅದರ ಹಿಂದಿನ ವರ್ಷವೇ ತೀರಿಕೊಂಡಿದ್ದ.

ಈಗ ಮೂಲ ಅನ್ನಬೇಕಾದದ್ದು ಯಾವುದನ್ನು? 1959ರ ಮೊದಲ ಮುದ್ರಣದ ಪ್ರತಿಗೆ ಸಂಗ್ರಾಹಕರು ದೊಡ್ಡ ಹಣ ಕೊಡುತ್ತಾರೆ. ಅದರ ಒಂದು ಬದಿಯ ಶ್ರುತಿ ತಪ್ಪು. ಮೊದಮೊದಲ ಪ್ರತಿಗಳಲ್ಲಿ ಇನ್ನೊಂದು ಬದಿಯ ಎರಡು ರಚನೆಗಳ ಹೆಸರೂ ಅದಲುಬದಲು. ಸ್ಟುಡಿಯೊದಲ್ಲಿ ನಿಜವಾಗಿ ಕೇಳಿಸಿದ್ದಕ್ಕೆ ಹತ್ತಿರವಿರುವುದು ಅಗ್ಗದ, ಈಚಿನ ಪ್ರತಿ. ಹಳೆಯ ಜಾಝ್ ಕೂಡಿಡುವ ಹವ್ಯಾಸದಲ್ಲಿ ಮೊದಲ ಮುದ್ರಣವೇ ದೇವರು ಎಂಬ ನಂಬಿಕೆ ಬಲವಾಗಿದೆ. ನನಗೆ ಆ ಭಕ್ತಿ ಇಲ್ಲ. ರೆಕಾರ್ಡು ಕೊಳ್ಳುವಾಗ ನಾನು ಕೇಳುವುದು ಎರಡೇ: ಇದನ್ನು ಯಾವ ಟೇಪಿನಿಂದ ಮಾಡಿದ್ದಾರೆ, ಮಾಡಿದ ಕೈ ಯಾರದು.

ಸ್ಟುಡಿಯೊದ ಟೇಪು ನೇರವಾಗಿ ರೆಕಾರ್ಡು ಆಗುವುದಿಲ್ಲ. ನಡುವೆ ಒಬ್ಬ ಮನುಷ್ಯ ಕೂತಿರುತ್ತಾನೆ. ಟೇಪು ಓಡುತ್ತಿದ್ದಂತೆ ಅವನು ಲ್ಯಾಕರ್ ಬಳಿದ ತಟ್ಟೆಯ ಮೇಲೆ ಗೆರೆ ಕೊರೆಯುತ್ತಾನೆ. ಆ ತಟ್ಟೆಯಿಂದ ಲೋಹದ ಅಚ್ಚು, ಅಚ್ಚಿನಿಂದ ವಿನೈಲ್ ಪ್ರತಿಗಳು. ಕೊರೆಯುವಾಗ ಮಂದ್ರ ಎಷ್ಟು ಬಿಡಬೇಕು, ತಾರ ಎಷ್ಟು ಹೊಳೆಯಬೇಕು, ಒಟ್ಟು ಸದ್ದು ಎಷ್ಟು ಏರಬೇಕು ಎಂಬ ತೀರ್ಮಾನ ಅವನದು. ಒಂದೇ ಹಿಟ್ಟನ್ನು ಇಬ್ಬರ ಕೈಗೆ ಕೊಟ್ಟರೆ ಎರಡು ಬಗೆಯ ರೊಟ್ಟಿ ಆಗುವ ಹಾಗೆ, ಒಂದೇ ಟೇಪಿನಿಂದ ಇಬ್ಬರು ಕೊರೆದ ರೆಕಾರ್ಡು ಒಂದೇ ರೀತಿ ಕೇಳಿಸುವುದಿಲ್ಲ.

ಇದು ಚೆನ್ನಾಗಿ ತಿಳಿಯಬೇಕಾದರೆ ‘ಬ್ಲೂ ನೋಟ್’ ಕಂಪನಿಯ ಕಡೆ ನೋಡಬೇಕು. ಅದನ್ನು 1939ರಲ್ಲಿ ನ್ಯೂಯಾರ್ಕಿನಲ್ಲಿ ಶುರುಮಾಡಿದವನು ಬರ್ಲಿನ್‌ನಿಂದ ಬಂದ ಆಲ್‌ಫ್ರೆಡ್ ಲಯನ್. ಅವನ ಬಾಲ್ಯದ ಗೆಳೆಯ, ಛಾಯಾಗ್ರಾಹಕ ಫ್ರಾನ್ಸಿಸ್ ವುಲ್ಫ್, ನಾಜಿಗಳ ಜರ್ಮನಿಯಿಂದ ತಪ್ಪಿಸಿಕೊಂಡು ಬಂದು ಅದೇ ವರ್ಷ ಜೊತೆಗೂಡಿದ. ಈ ಇಬ್ಬರು ಮಾಡಿದ ಒಂದು ಕೆಲಸ ಆ ಕಾಲದ ಸಣ್ಣ ಕಂಪನಿಗಳಲ್ಲಿ ಅಪರೂಪ: ಮುದ್ರಣಕ್ಕೆ ಮುಂಚೆ ತಾಲೀಮು ಮಾಡಲು ವಾದಕರಿಗೆ ಸಂಬಳ ಕೊಟ್ಟರು. ರಾತ್ರಿ ಕ್ಲಬ್ಬಿನಲ್ಲಿ ನುಡಿಸಿ ಬೆಳಿಗ್ಗೆ ಬಂದು ಗೊತ್ತಿರುವ ಹಾಡನ್ನೇ ಒಪ್ಪಿಸಿ ಹೋಗುವುದಕ್ಕೂ, ಹೊಸ ರಚನೆಯನ್ನು ಮೊದಲೇ ಕೂಡಿ ಪಳಗಿಸಿಕೊಂಡು ಬಂದು ನುಡಿಸುವುದಕ್ಕೂ ಇರುವ ಅಂತರ ಬ್ಲೂ ನೋಟ್ ರೆಕಾರ್ಡುಗಳಲ್ಲಿ ಕೇಳಿಸುತ್ತದೆ. ರೆಕಾರ್ಡು ಕವಚಗಳ ವಿನ್ಯಾಸಕಾರ ರೀಡ್ ಮೈಲ್ಸ್‌ಗೆ ಜಾಝ್‌ನಲ್ಲಿ ಅಷ್ಟೇನೂ ಆಸಕ್ತಿ ಇರಲಿಲ್ಲವಂತೆ. ಆದರೂ ಇಂದು ಜಾಝ್ ಎಂದರೆ ಕಣ್ಣಿಗೆ ಕಟ್ಟುವ ಚಿತ್ರ ಅವನದೇ, ವುಲ್ಫ್ ತೆಗೆದ ಕಪ್ಪುಬಿಳುಪು ಮುಖ ಮತ್ತು ಅದರ ಪಕ್ಕ ದಪ್ಪ ಅಕ್ಷರ.

ನಾಲ್ಕನೆಯವನು ಬ್ಲೂ ನೋಟ್‌ಗೆ ಟೇಪು ತುಂಬಿಸುತ್ತಿದ್ದ ರೂಡಿ ವ್ಯಾನ್ ಗೆಲ್ಡರ್. ಹಗಲು ಜನರ ಕಣ್ಣು ಪರೀಕ್ಷಿಸಿ ಕನ್ನಡಕ ಬರೆದುಕೊಡುತ್ತಿದ್ದವನು. ನ್ಯೂಜೆರ್ಸಿಯ ಹ್ಯಾಕನ್‌ಸ್ಯಾಕ್‌ನಲ್ಲಿ ಅಪ್ಪ ಅಮ್ಮನ ಮನೆಯ ನಡುಮನೆಯೇ ಅವನ ಸ್ಟುಡಿಯೊ. ಜಾನ್ ಕೋಲ್ಟ್ರೇನ್‌ನ ‘ಬ್ಲೂ ಟ್ರೇನ್’ 1957ರಲ್ಲಿ ಮುದ್ರಿತವಾದದ್ದು ಆ ನಡುಮನೆಯಲ್ಲೇ. 1959ರಲ್ಲಿ ಪಕ್ಕದ ಎಂಗಲ್‌ವುಡ್ ಕ್ಲಿಫ್ಸ್‌ನಲ್ಲಿ ಎತ್ತರದ ಮರದ ಚಾವಣಿಯ ಸ್ವಂತ ಸ್ಟುಡಿಯೊ ಕಟ್ಟಿಕೊಂಡ ಮೇಲೆ ಕನ್ನಡಕದ ಕೆಲಸ ಬಿಟ್ಟ. ವ್ಯಾನ್ ಗೆಲ್ಡರ್ ಟೇಪು ತುಂಬಿಸಿ ಕೈತೊಳೆದುಕೊಳ್ಳುತ್ತಿರಲಿಲ್ಲ, ತಟ್ಟೆ ಕೊರೆಯುವುದನ್ನೂ ತಾನೇ ಮಾಡುತ್ತಿದ್ದ. ಸಂಗೀತ ಮುಗಿದ ಮೇಲೆ ಲೇಬಲ್‌ವರೆಗೆ ಇರುವ ಖಾಲಿ ಜಾಗವನ್ನು ಸಂಗ್ರಾಹಕರು ‘ಡೆಡ್ ವ್ಯಾಕ್ಸ್’ ಅನ್ನುತ್ತಾರೆ. ಅಲ್ಲಿ ‘ಆರ್‌ವಿಜಿ’ ಎಂಬ ಮೂರು ಅಕ್ಷರ ಕಂಡರೆ ಅದು ಅವನ ಕೈ.

ಈ ಖಾಲಿ ಜಾಗ ಓದುವುದೇ ಒಂದು ವಿದ್ಯೆ. ಬ್ಲೂ ನೋಟ್‌ನ ತಟ್ಟೆಗಳನ್ನು ಒತ್ತುತ್ತಿದ್ದ ಪ್ಲಾಸ್ಟಿಲೈಟ್ ಕಾರ್ಖಾನೆ ಅಲ್ಲೊಂದು ಬಾಗಿದ ‘ಪಿ’ ಅಕ್ಷರ ಬಿಡುತ್ತಿತ್ತು. ನೋಡಲು ಕಿವಿಯ ಹಾಗಿರುವುದರಿಂದ ಅದರ ಹೆಸರೇ ‘ಇಯರ್’. ಲೇಬಲ್ ಮೇಲೆ ಲೆಕ್ಸಿಂಗ್ಟನ್ ಅವೆನ್ಯೂ ವಿಳಾಸವಿದ್ದರೆ ಒಂದು ಕಾಲ, 63ನೇ ಬೀದಿಯ ವಿಳಾಸವಿದ್ದರೆ ನಂತರದ ಕಾಲ, ಬರೀ ‘ನ್ಯೂಯಾರ್ಕ್ ಯುಎಸ್‌ಎ’ ಎಂದಿದ್ದರೆ ಇನ್ನೂ ನಂತರದ್ದು. 1966ರಲ್ಲಿ ಕಂಪನಿ ಲಿಬರ್ಟಿಗೆ ಮಾರಾಟವಾದ ಮೇಲೆ ಕಿವಿಯೂ ಮಾಯ. ಹ್ಯಾಂಕ್ ಮೊಬ್ಲಿಯ 1568ನೇ ಸಂಖ್ಯೆಯ ಎಲ್‌ಪಿಯ ಮೊದಲ ಪ್ರತಿ ಸಾವಿರಾರು ಡಾಲರಿಗೆ ಹರಾಜಾಗುವುದು ಇಂಥ ಗುರುತುಗಳ ಬಲದ ಮೇಲೆ. ಅಂಚೆಚೀಟಿ ಸಂಗ್ರಹದ ಸುಖ ಇದು, ನಾನು ಹಳಿಯುವುದಿಲ್ಲ. ಆದರೆ ಅದು ಕಣ್ಣಿನ ಸುಖ.

ಕಿವಿಯ ವಿಚಾರ ಬೇರೆ. 1950ರ ದಶಕದಲ್ಲಿ ಬಹುತೇಕ ಮನೆಗಳಲ್ಲಿದ್ದದ್ದು ಅಗ್ಗದ ಪ್ಲೇಯರ್, ಭಾರದ ಮುಳ್ಳು. ಡಬಲ್ ಬೇಸಿನ ಮಂದ್ರವನ್ನು ಇದ್ದಂತೆ ಕೊರೆದರೆ ಮುಳ್ಳು ಗೆರೆ ಬಿಟ್ಟು ಜಿಗಿಯುತ್ತಿತ್ತು. ಅದಕ್ಕೇ ವ್ಯಾನ್ ಗೆಲ್ಡರ್ ತಟ್ಟೆ ಕೊರೆಯುವಾಗ ಮಂದ್ರವನ್ನು ಕತ್ತರಿಸಿ, ಒಟ್ಟು ಸದ್ದನ್ನು ಒತ್ತರಿಸಿ ಮುಂದೆ ತರುತ್ತಿದ್ದ. ಮೊದಲ ಮುದ್ರಣಗಳಲ್ಲಿ ತುತ್ತೂರಿ ಮುಖಕ್ಕೇ ಊದಿದಂತೆ ಕೇಳಿಸುವುದಕ್ಕೂ, ಬೇಸ್ ಎಲ್ಲೋ ಹಿಂದೆ ಗುಡುಗುವುದಕ್ಕೂ ಇದೇ ಕಾರಣ. ಟೇಪಿನಲ್ಲಿ ಮಾತ್ರ ಬೇಸ್ ಹಾಗೆಯೇ ಉಳಿದಿದೆ. 1999ರಿಂದ ವ್ಯಾನ್ ಗೆಲ್ಡರ್ ತನ್ನ ಹಳೆಯ ಟೇಪುಗಳನ್ನು ತಾನೇ ಮತ್ತೆ ಕೈಗೆತ್ತಿಕೊಂಡು ಸಿಡಿಗೆ ಅಣಿಗೊಳಿಸಿದ. ‘ಆರ್‌ವಿಜಿ ಎಡಿಷನ್’ ಎಂಬ ಆ ಸರಣಿಯನ್ನು ಕೆಲವರು ಮೆಚ್ಚಿದರು, ಹಲವರಿಗೆ ಅದು ತೀರಾ ಗಟ್ಟಿ ದನಿಯದು ಅನ್ನಿಸಿತು. ನಾನು ಎರಡನೇ ಗುಂಪಿನವನು. ನುಡಿಸುವಾಗ ಎದುರಿಗಿದ್ದವನೇ, ಟೇಪು ತುಂಬಿಸಿದವನೇ, ನಲವತ್ತು ವರ್ಷದ ನಂತರ ಬೇರೆ ತೀರ್ಮಾನಕ್ಕೆ ಬಂದನಲ್ಲ, ಅದು ಈ ಕಸುಬಿನ ಸ್ವಭಾವ.

2019ರಲ್ಲಿ ಬ್ಲೂ ನೋಟ್ ತನ್ನ ಎಂಬತ್ತನೇ ವರ್ಷಕ್ಕೆ ‘ಟೋನ್ ಪೊಯೆಟ್’ ಎಂಬ ಮರುಬಿಡುಗಡೆ ಸರಣಿ ಶುರುಮಾಡಿತು. ಮೇಲ್ವಿಚಾರಣೆ ಜೋ ಹಾರ್ಲಿಯದು, ತಟ್ಟೆ ಕೊರೆಯುವವನು ಕೆವಿನ್ ಗ್ರೇ, ಮೂಲ ಅನಲಾಗ್ ಟೇಪಿನಿಂದ ನೇರ ಲ್ಯಾಕರ್‌ಗೆ. ದಪ್ಪ ರಟ್ಟಿನ ಮಡಿಕೆ ಕವಚ, ಒಳಗೆ ವುಲ್ಫ್ ತೆಗೆದ ಚಿತ್ರಗಳು. ಹಿಂದೆಯೇ ಇನ್ನೂ ಕಡಿಮೆ ಬೆಲೆಯ ‘ಕ್ಲಾಸಿಕ್ ವಿನೈಲ್’ ಸರಣಿಯೂ ಬಂತು. ಕೊರೆಯುವ ಕೈ ಅದೇ, ಆಡಂಬರ ಕಡಿಮೆ. ಕೇಳುವುದಕ್ಕೆ ಕೊಳ್ಳುವವರಿಗೆ ಈ ಎರಡನೆಯದೇ ಸಾಕು ಎಂಬುದು ನನ್ನ ಅಭಿಪ್ರಾಯ.

ಮರುಬಿಡುಗಡೆ ಎಂದು ನಾವು ಕರೆಯುವುದರಲ್ಲಿ ಎಷ್ಟೋ ನಿಜಕ್ಕೂ ಮೊದಲ ಬಿಡುಗಡೆ. ಲಯನ್ ಮುದ್ರಿಸಿದ್ದು ಬಹಳ, ಹೊರತಂದದ್ದು ಅದರಲ್ಲಿ ಒಂದು ಪಾಲು. ಉಳಿದದ್ದು ಕಪಾಟಿನಲ್ಲಿತ್ತು. 1970ರ ದಶಕದಲ್ಲಿ ಮೈಕೆಲ್ ಕಸ್ಕುನಾ ಎಂಬ ನಿರ್ಮಾಪಕ ಆ ಕಪಾಟು ತೆರೆಸಿದ. ಅವನು ಹೊರತಂದದ್ದರಲ್ಲಿ ನನಗೆ ಅತಿ ಹೆಚ್ಚು ಬೇಕಾದದ್ದು ಟೀನಾ ಬ್ರೂಕ್ಸ್. ಹೆಸರು ಕೇಳಿ ಹೆಂಗಸೆಂದುಕೊಳ್ಳಬೇಡಿ, ಆತ ಟೆನರ್ ಸ್ಯಾಕ್ಸೊಫೋನ್ ವಾದಕ, ನಿಜವಾದ ಹೆಸರು ಹೆರಾಲ್ಡ್. 1958ರಿಂದ 1961ರ ನಡುವೆ ಬ್ಲೂ ನೋಟ್‌ಗಾಗಿ ತನ್ನ ಹೆಸರಿನಲ್ಲಿ ನಾಲ್ಕು ಆಲ್ಬಂ ನುಡಿಸಿದ. ಹೊರಬಂದದ್ದು ಒಂದೇ, 1960ರ ‘ಟ್ರೂ ಬ್ಲೂ’. ‘ಬ್ಯಾಕ್ ಟು ದ ಟ್ರ್ಯಾಕ್ಸ್’ ಎಂಬ ಇನ್ನೊಂದಕ್ಕೆ ಕ್ಯಾಟಲಾಗ್ ಸಂಖ್ಯೆ ಸಿಕ್ಕಿತ್ತು, ಕವಚವೂ ತಯಾರಾಗಿತ್ತು, ರೆಕಾರ್ಡು ಮಾತ್ರ ಬರಲಿಲ್ಲ. ಬ್ರೂಕ್ಸ್ 1974ರಲ್ಲಿ, ನಲವತ್ತೆರಡರ ವಯಸ್ಸಿಗೆ ಸತ್ತ. ಕಸ್ಕುನಾ ಮತ್ತು ಚಾರ್ಲಿ ಲೂರಿ ಕೂಡಿ ಕಟ್ಟಿದ ‘ಮೊಸಾಯಿಕ್’ ಕಂಪನಿ 1985ರಲ್ಲಿ ನಾಲ್ಕನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು ಹೊರತಂದಿತು. ಮೊದಲ ಮುದ್ರಣವನ್ನಷ್ಟೇ ಪೂಜಿಸುವವರ ಮನೆಯಲ್ಲಿ ಈ ಮನುಷ್ಯನ ಮುಕ್ಕಾಲು ಭಾಗ ಇರುವುದಕ್ಕೇ ಸಾಧ್ಯವಿಲ್ಲ. ಗ್ರಾಂಟ್ ಗ್ರೀನ್ 1964ರಲ್ಲಿ ಗಿಟಾರ್ ನುಡಿಸಿದ ‘ಮ್ಯಾಟಡೋರ್’, ‘ಸಾಲಿಡ್’ ಕೂಡ 1979ರವರೆಗೆ ಕತ್ತಲಲ್ಲಿದ್ದವು. ಅವನೂ ಅದೇ ವರ್ಷ ತೀರಿಕೊಂಡ.

ಎಲ್ಲ ಟೇಪುಗಳಿಗೂ ಕಸ್ಕುನಾನಂಥವನು ಸಿಕ್ಕಲಿಲ್ಲ. ಕೋಲ್ಟ್ರೇನ್‌ನ ನಾಲ್ವರ ತಂಡ 1963ರ ಮಾರ್ಚ್ 6ರಂದು ವ್ಯಾನ್ ಗೆಲ್ಡರ್ ಸ್ಟುಡಿಯೊದಲ್ಲಿ ಪೂರ್ತಿ ಒಂದು ಆಲ್ಬಮ್ಮಿಗೆ ಆಗುವಷ್ಟು ನುಡಿಸಿ, ಮರುದಿನವೇ ಜಾನಿ ಹಾರ್ಟ್‌ಮನ್ ಜೊತೆಗಿನ ಪ್ರಸಿದ್ಧ ಗಾಯನದ ರೆಕಾರ್ಡಿಗೆ ಕೂತಿತು. ಮೊದಲ ದಿನದ್ದು ಬಿಡುಗಡೆಯಾಗಲಿಲ್ಲ, ಅದರ ಮೂಲ ಟೇಪೂ ಉಳಿಯಲಿಲ್ಲ. ಉಳಿದದ್ದು ಮನೆಯಲ್ಲಿ ಕೇಳಿನೋಡಲೆಂದು ಕೋಲ್ಟ್ರೇನ್ ಕೊಂಡೊಯ್ದಿದ್ದ ಮೊನೊ ಪ್ರತಿ. ಮೊದಲ ಹೆಂಡತಿ ನೈಮಾಳ ಮನೆಯವರ ಬಳಿಯಿದ್ದ ಆ ಟೇಪಿನಿಂದ 2018ರಲ್ಲಿ ‘ಬೋತ್ ಡೈರೆಕ್ಷನ್ಸ್ ಅಟ್ ಒನ್ಸ್’ ಹೊರಬಂತು. ಇನ್ನೊಂದು ಕಡೆ, 2008ರ ಜೂನ್ 1ರಂದು ಹಾಲಿವುಡ್ಡಿನ ಯೂನಿವರ್ಸಲ್ ಸ್ಟುಡಿಯೊ ಆವರಣದಲ್ಲಿ ಬಿದ್ದ ಬೆಂಕಿ ಧ್ವನಿಮುದ್ರಣಗಳ ಉಗ್ರಾಣವನ್ನೇ ಸುಟ್ಟಿತು. ಹೊರಜಗತ್ತಿಗೆ ಅದರ ವಿಸ್ತಾರ ತಿಳಿದದ್ದು 2019ರ ಪತ್ರಿಕಾ ವರದಿಯಿಂದ. ನಷ್ಟ ಎಷ್ಟೆಂಬುದರ ಬಗ್ಗೆ ಕಂಪನಿಗೂ ವರದಿಗಾರರಿಗೂ ಇಂದಿಗೂ ಜಗಳವಿದೆ. ಒಂದು ಧ್ವನಿಮುದ್ರಣಕ್ಕೆ ಸಾಮಾನ್ಯವಾಗಿ ಒಂದೇ ಮೂಲ ಟೇಪು. ಅದು ಹೋದರೆ ನಂತರದ ಮರುಬಿಡುಗಡೆ ಎಲ್ಲವೂ ನಕಲಿನ ನಕಲು.

ಇಲ್ಲಿಗೆ ವ್ಯಾಪಾರದ ಮಾತು ಬರುತ್ತದೆ. ಯುರೋಪಿನಲ್ಲಿ 1962 ಮತ್ತು ಅದಕ್ಕೂ ಹಿಂದೆ ಬಿಡುಗಡೆಯಾದ ಧ್ವನಿಮುದ್ರಣಗಳ ಹಕ್ಕು ಮುಗಿದಿದೆ. ಯಾರು ಬೇಕಾದರೂ ಒತ್ತಿ ಮಾರಬಹುದು. ಅವರಿಗೆ ಟೇಪು ಸಿಗುವುದಿಲ್ಲ. ಎಷ್ಟೋ ಸಲ ಸಿಡಿಯೊಂದರಿಂದಲೇ ತಟ್ಟೆ ಕೊರೆದು ಹೊಳೆಯುವ ಕವಚ ಹಾಕುತ್ತಾರೆ. ಅಂಗಡಿಯಲ್ಲಿ ‘180 ಗ್ರಾಂ’ ಎಂಬ ಚೀಟಿ ನೋಡಿ ಮರುಳಾಗಬೇಡಿ. ಅದು ವಿನೈಲಿನ ತೂಕ, ಸಂಗೀತದ್ದಲ್ಲ. ದುಬಾರಿ ಪ್ರತಿ ಎಂದ ಮಾತ್ರಕ್ಕೆ ಹೇಳಿದ್ದೆಲ್ಲ ನಿಜ ಎಂದೂ ಇಲ್ಲ. ಅನಲಾಗ್ ಶುದ್ಧಿಗೆ ಹೆಸರಾಗಿದ್ದ ಮೊಬೈಲ್ ಫಿಡೆಲಿಟಿ ಕಂಪನಿ ಹಲವು ವರ್ಷಗಳಿಂದ ನಡುವೆ ಡಿಜಿಟಲ್ ಹಂತ ಬಳಸುತ್ತಿತ್ತೆಂಬುದು 2022ರಲ್ಲಿ ಬಯಲಾಗಿ, ಅಮೆರಿಕದಲ್ಲಿ ಗ್ರಾಹಕರು ಕೋರ್ಟಿಗೆ ಹೋದರು. ಆ ರೆಕಾರ್ಡುಗಳನ್ನು ಅನಲಾಗ್‌ನ ಪರಾಕಾಷ್ಠೆ ಎಂದು ಹೊಗಳಿದ್ದ ವಿಮರ್ಶಕರ ಕಿವಿಗೆ ಅಲ್ಲಿಯವರೆಗೆ ಏನೂ ಗೊತ್ತಾಗಿರಲಿಲ್ಲ. ನನಗೆ ಇದರಲ್ಲಿ ಕಾಣುವುದು ಎರಡು: ಕಂಪನಿ ಮುಚ್ಚಿಟ್ಟದ್ದು ತಪ್ಪು, ಒಳ್ಳೆಯ ಕೈ ಮಾಡಿದ ಡಿಜಿಟಲ್ ಕೆಲಸ ಕೆಟ್ಟದ್ದೂ ಅಲ್ಲ. ಟೇಪು ಒಳ್ಳೆಯದಿದ್ದು ಕೈ ಒಳ್ಳೆಯದಿದ್ದರೆ ಸಿಡಿಯಲ್ಲೂ ಧಾರಾಳವಾಗಿ ಕೇಳಬಹುದು. ಹಳೆಯ ಸಿಡಿಗಳು ಈಗ ವಿನೈಲಿನ ಬೆಲೆಯ ಒಂದು ಪಾಲಿಗೆ ಸಿಗುತ್ತವೆ, ಕೊಳ್ಳುವವರಿಲ್ಲ.

ಸಿಡಿಗಳ ಮೇಲೆ ನನಗೊಂದು ದೂರು ಇದ್ದೇ ಇದೆ. ಬಿಡುಗಡೆಯಾಗದ ಬೇರೆ ಪಾಠಗಳನ್ನು ‘ಬೋನಸ್’ ಎಂದು ಸೇರಿಸುವಾಗ ಕೆಲವರು ಮೂಲ ರಚನೆಯ ಬೆನ್ನಿಗೇ ಅಂಟಿಸಿಬಿಡುತ್ತಾರೆ. ಒಂದೇ ರಚನೆ ಒಂದರ ಹಿಂದೊಂದು ಎರಡು ಸಲ. ಎಲ್‌ಪಿಯ ಒಂದು ಬದಿಗೆ ಸುಮಾರು ಇಪ್ಪತ್ತು ನಿಮಿಷ, ಅದರೊಳಗೆ ಯಾವುದು ಮೊದಲು, ಯಾವುದು ಕೊನೆ ಎಂದು ಯೋಚಿಸಿ ಜೋಡಿಸಿರುತ್ತಾರೆ. ಹೆಚ್ಚುವರಿ ಏನಿದ್ದರೂ ಎಲ್ಲ ಮುಗಿದ ಮೇಲೆ ಇರಲಿ. ಯಂತ್ರದಲ್ಲಿ ಅದನ್ನು ದಾಟಿಸಿ, ಒಂದು ಬದಿಯಷ್ಟು ಕೇಳಿ ನಿಲ್ಲಿಸುವುದು ಒಳ್ಳೆಯ ಅಭ್ಯಾಸ.

ಕರ್ನಾಟಕ ಸಂಗೀತ ಕೇಳಿ ಬೆಳೆದವರಿಗೆ ಜಾಝ್‌ನ ಬಾಗಿಲು ಅಂದುಕೊಂಡಷ್ಟು ಗಟ್ಟಿಯಾಗಿ ಮುಚ್ಚಿಲ್ಲ. ‘ಕೈಂಡ್ ಆಫ್ ಬ್ಲೂ’ನ ಮೊದಲ ರಚನೆ ‘ಸೋ ವಾಟ್’ ನಿಂತಿರುವುದು ಡೋರಿಯನ್ ಎಂಬ ಸ್ವರಶ್ರೇಣಿಯ ಮೇಲೆ. ಅದರ ಸ್ವರಗಳು ನಮ್ಮ ಖರಹರಪ್ರಿಯದವೇ. ಗಮಕ ಇಲ್ಲ, ರಾಗಭಾವ ಹುಡುಕಿದರೆ ನಿರಾಸೆ, ಆದರೆ ಸ್ವರಗಳು ಪರಿಚಿತ. ಮೂವತ್ತೆರಡು ಬಾರ್‌ಗಳ ಒಂದು ಸುತ್ತು ಆವರ್ತನದಂತೆ ಮತ್ತೆ ಮತ್ತೆ ಬರುತ್ತದೆ. ಮೊದಲ ಹದಿನಾರು ಒಂದು ಆಧಾರದ ಮೇಲೆ, ಮುಂದಿನ ಎಂಟರಲ್ಲಿ ಇಡೀ ಶ್ರೇಣಿ ಒಂದು ಸ್ವರಸ್ಥಾನ ಮೇಲೇರಿ ಕೂರುತ್ತದೆ, ಕೊನೆಯ ಎಂಟರಲ್ಲಿ ಮತ್ತೆ ಕೆಳಗಿಳಿಯುತ್ತದೆ. ಈ ಏರಿಳಿತ ಒಮ್ಮೆ ಕಿವಿಗೆ ಹತ್ತಿತೆಂದರೆ ಡೇವಿಸ್, ಕೋಲ್ಟ್ರೇನ್, ಕ್ಯಾನನ್‌ಬಾಲ್ ಆಡರ್ಲಿ ಒಬ್ಬರಾದ ಮೇಲೊಬ್ಬರು ಅದರ ಮೇಲೆ ಏನು ಕಟ್ಟುತ್ತಾರೆ ಎಂಬುದನ್ನು ಹಿಂಬಾಲಿಸಬಹುದು. ಆರಂಭದಲ್ಲಿ ಪಲ್ಲವಿ ನುಡಿಯುವುದು ಪಾಲ್ ಚೇಂಬರ್ಸ್‌ನ ಬೇಸ್, ಉಳಿದವರದು ಎರಡೇ ಸ್ವರದ ಉತ್ತರ. ಆ ಬೇಸಿನ ಒಂದೊಂದು ಮಾತೂ ಬಿಡಿಯಾಗಿ ಕೇಳಿಸದಿದ್ದರೆ ನಿಮ್ಮ ಕೈಲಿರುವ ಪ್ರತಿ ಸರಿಯಿಲ್ಲ ಎಂದೇ ಲೆಕ್ಕ. ಎರಡನೇ ರಚನೆಯಲ್ಲಿ ಮಾತ್ರ ಪಿಯಾನೊ ಬಿಲ್ ಇವಾನ್ಸ್‌ನದಲ್ಲ, ವಿಂಟನ್ ಕೆಲಿಯದು. ಬೆರಳು ಬದಲಾದದ್ದು ನಿಮಗೆ ತಾನಾಗಿ ತಿಳಿದರೆ ಆ ಪ್ರತಿಗೆ ಕೊಟ್ಟ ಹಣ ವಸೂಲಾದಂತೆ.

ಬೆಂಗಳೂರಿಗೂ ಈ ಕಥೆಯಲ್ಲಿ ಒಂದು ಪಾಲಿದೆ. ಚಾರ್ಲ್ಸ್ ಮಿಂಗಸ್‌ನ ‘ದ ಬ್ಲ್ಯಾಕ್ ಸೇಂಟ್ ಅಂಡ್ ದ ಸಿನ್ನರ್ ಲೇಡಿ’ 1963ರ ರೆಕಾರ್ಡು, ಹಲವು ಸಲ ಮರುಬಿಡುಗಡೆಯಾಗಿದೆ. ಅದರ ಕವಚದ ಟಿಪ್ಪಣಿಯಲ್ಲಿ ಒಂದು ಭಾಗ ಬರೆದದ್ದು ಮಿಂಗಸ್‌ನ ಮನಶ್ಶಾಸ್ತ್ರಜ್ಞ, ಓದಲೇಬೇಕಾದದ್ದು. ಆ ರೆಕಾರ್ಡಿನಲ್ಲಿ ಅಳುವ ಹಾಗೆ ಆಲ್ಟೊ ಸ್ಯಾಕ್ಸೊಫೋನ್ ನುಡಿಸಿದವನು ಚಾರ್ಲಿ ಮರಿಯಾನೊ. ಅವನು ಮುಂದೆ ದಕ್ಷಿಣ ಭಾರತಕ್ಕೆ ಬಂದು ನಾಗಸ್ವರ ಕಲಿತ, ಬೆಂಗಳೂರಿನ ‘ಕರ್ನಾಟಕ ಕಾಲೇಜ್ ಆಫ್ ಪರ್ಕಷನ್’ ಜೊತೆ ವರ್ಷಗಟ್ಟಲೆ ನುಡಿಸಿದ. ಟಿ.ಎ.ಎಸ್. ಮಣಿ 1964ರಲ್ಲಿ ಕಟ್ಟಿದ ಸಂಸ್ಥೆ ಅದು. ಮಣಿಯವರ ಮೃದಂಗ, ಆರ್.ಎ. ರಾಮಮಣಿಯವರ ಗಾಯನ, ಮರಿಯಾನೊನ ಸ್ಯಾಕ್ಸೊಫೋನ್ ಕೂಡಿದ ‘ಜ್ಯೋತಿ’ಯನ್ನು 1983ರಲ್ಲಿ ಜರ್ಮನಿಯ ಇಸಿಎಂ ಕಂಪನಿ ಮುದ್ರಿಸಿತು. ವ್ಯಾನ್ ಗೆಲ್ಡರ್‌ನದು ಎದೆಗೆ ಒತ್ತಿ ನಿಲ್ಲಿಸುವ ಸದ್ದಾದರೆ ಇಸಿಎಂನದು ಸುತ್ತ ಜಾಗ ಬಿಟ್ಟು ಕೂರಿಸುವ ಸದ್ದು. ಮೃದಂಗಕ್ಕೆ ಆ ಜಾಗ ಒಪ್ಪುತ್ತದೆ ಎಂದು ನನಗನ್ನಿಸುತ್ತದೆ, ಒಪ್ಪದವರೂ ಇದ್ದಾರು.

ಹೊಸದಾಗಿ ಕೂಡಿಡಲು ಹೊರಟವರಿಗೆ ಪಟ್ಟಿ ಕೊಡುವುದು ನನಗಿಷ್ಟವಿಲ್ಲ. ಆದರೂ ಒಂದು ಸಂಜೆ ಬಿಡುವಿದ್ದರೆ ಮಿಂಗಸ್‌ನ ಆ ರೆಕಾರ್ಡನ್ನೂ ‘ಜ್ಯೋತಿ’ಯನ್ನೂ ಇದೇ ಕ್ರಮದಲ್ಲಿ ಕೇಳಿ. ಇಪ್ಪತ್ತು ವರ್ಷದ ಅಂತರದಲ್ಲಿ ಊದುತ್ತಿರುವವನು ಒಬ್ಬನೇ. ಕೊಳ್ಳುವ ಮುಂಚೆ ಕವಚ ತಿರುಗಿಸಿ ಹಿಂಬದಿಯ ಸಣ್ಣ ಅಕ್ಷರ ಓದಿ. ಯಾವ ಟೇಪಿನಿಂದ, ಯಾರು ಅಣಿಗೊಳಿಸಿದರು ಎಂದು ಬರೆದಿಲ್ಲದಿದ್ದರೆ ಅಲ್ಲೇ ಇಟ್ಟು ಬನ್ನಿ.